ಹತ್ತಾರು ಬಿಲ್ಡಿಂಗ್ ಇರೋ ಕ್ಯಾಂಪಸ್ಸಿಗೆ ಎರಡೆರಡು ವೈಫೈ ಕಂಟ್ರೋಲರ್: ಪ್ಲ್ಯಾನ್ ಮಾಡೋದು ಹೇಗೆ

ನಾನು ಕೆಲಸ ಮಾಡೋ ಕಾಲೇಜ್ ಕ್ಯಾಂಪಸ್ಸಲ್ಲಿ ಹನ್ನೊಂದು ಬಿಲ್ಡಿಂಗ್ ಇದೆ, ಅದ್ರಲ್ಲಿ ನಾಲ್ಕು ಹಾಸ್ಟೆಲ್. ವೈಫೈಗೆ ಎರಡು ಕಂಟ್ರೋಲರ್ (ಎಲ್ಲಾ ಎಪಿಗಳನ್ನ ಒಂದೇ ಕಡೆಯಿಂದ ನಡೆಸೋ ಬಾಕ್ಸ್; ಎಪಿ ಅಂದ್ರೆ ಆಕ್ಸೆಸ್ ಪಾಯಿಂಟ್, ವೈಫೈ ಸಿಗ್ನಲ್ ಬಿಡೋ ಡಬ್ಬಿ) ಇತ್ತು, ಒಂದು ಹೋದ್ರೆ ಇನ್ನೊಂದು ಇದ್ಯಲ್ಲ ಅಂತ ಎಲ್ರೂ ಧೈರ್ಯವಾಗಿದ್ವಿ. ಒಂದು ಏಪ್ರಿಲ್ ಸಂಜೆ ಗುಡುಗು ಸಿಡಿಲಿನ ಮಳೆ ಬಂತು, ಕರೆಂಟ್ ಹೋಯ್ತು, ಜನರೇಟರ್ ಎತ್ಕೊಳ್ಳೋ ಮುಂಚೆನೇ ಸರ್ವರ್ ರೂಮಿನ ಯುಪಿಎಸ್ ಕೈಕೊಡ್ತು. ಕಂಟ್ರೋಲರ್ ಎರಡೂ ಒಂದೇ ರ್ಯಾಕಲ್ಲಿ ಮೇಲೊಂದು ಕೆಳಗೊಂದು ಕೂತಿದ್ವು, ನಾಲ್ಕು ಪವರ್ ಕೇಬಲ್ಲೂ ಅದೇ ಯುಪಿಎಸ್ಸಿಗೆ ಹೋಗಿತ್ತು. ಹಾಸ್ಟೆಲ್ ಕಾರಿಡಾರಲ್ಲಿ ಎಪಿಗಳಿಗೆ ಕರೆಂಟ್ ಇತ್ತು, ಆದ್ರೆ ಅವು ಕೆಂಪು ಹಸಿರು ಮಿನುಗಿಸ್ಕೊಂಡು ಕಂಟ್ರೋಲರ್ ಹುಡುಕ್ತಾ ಇದ್ವು. ಮಾರನೇ ದಿನ ಅಸೈನ್‌ಮೆಂಟ್ ಸಬ್‌ಮಿಟ್ ಮಾಡ್ಬೇಕಿದ್ದ ಹುಡುಗ್ರು ಹುಡುಗೀರು ಮೊಬೈಲ್ ಡೇಟಾ ಸಿಗ್ನಲ್ ಹುಡುಕ್ಕೊಂಡು ಮಳೆಯಲ್ಲೇ ಗೇಟ್ ಹತ್ರ ನಿಂತಿದ್ರು. ಅವತ್ತಿಂದ ನಂಗೆ ಈ ವಿಷ್ಯದಲ್ಲಿ ಒಂದೇ ಹಠ: ಎಷ್ಟು ಬಾಕ್ಸ್ ಇದೆ ಅಂತ ಎಣಿಸ್ಬೇಡಿ, ಆ ಬಾಕ್ಸ್‌ಗಳು ಏನೇನು ಹಂಚ್ಕೊಂಡಿವೆ ಅಂತ ಎಣಿಸಿ.

ಮುಂದೆ ಹೇಳೋದೆಲ್ಲ ಸಿಸ್ಕೋ ಕ್ಯಾಟಲಿಸ್ಟ್ 9800 ಸೀರೀಸ್ ಇಟ್ಕೊಂಡು ಹೇಳ್ತೀನಿ, ನಾನು ದಿನಾ ಮುಟ್ಟೋದು ಅದನ್ನೇ. ಅರೂಬಾ ಥರ ಬೇರೆ ಕಂಪನಿ ಕಂಟ್ರೋಲರ್ ಇದ್ರೆ ಮೆನು ಬೇರೆ, ಹೆಸರು ಬೇರೆ, ಯೋಚ್ನೆ ಮಾಡೋ ಕ್ರಮ ಮಾತ್ರ ಇದೇ.

ಮೊದ್ಲು ಪೇಪರ್ ಮೇಲೆ ಕ್ಯಾಂಪಸ್ ಬರೀರಿ

ಕೊಟೇಶನ್ ತರಿಸೋ ಮುಂಚೆ ಒಂದು ದಿನ ಕ್ಯಾಂಪಸ್ ಸುತ್ತಿ. ಎಲೆಕ್ಟ್ರಿಷಿಯನ್ ಅವ್ರನ್ನೂ ಜೊತೆಗೆ ಕರ್ಕೊಳ್ಳಿ, ಅವ್ರಿಗೆ ಗೊತ್ತಿರೋದು ಯಾವ ಡ್ರಾಯಿಂಗಲ್ಲೂ ಇರಲ್ಲ. ಪ್ರತಿ ಬಿಲ್ಡಿಂಗ್‌ಗೂ ಬರ್ಕೊಳ್ಳಿ: ಎಪಿ ಎಷ್ಟು, ಫೈಬರ್ ಯಾವ ದಾರೀಲಿ ಬರತ್ತೆ, ಎರಡನೇ ದಾರಿ ಇದ್ಯಾ, ಪಿಓಇ ಸ್ವಿಚ್ (ನೆಟ್‌ವರ್ಕ್ ಕೇಬಲ್ಲಲ್ಲೇ ಎಪಿಗೆ ಕರೆಂಟ್ ಕೊಡೋ ಸ್ವಿಚ್) ಯಾವ ಯುಪಿಎಸ್ ಮೇಲಿದೆ, ಆ ಯುಪಿಎಸ್ ಬ್ಯಾಟರಿ ಹಾಕಿ ಎಷ್ಟು ವರ್ಷ ಆಯ್ತು, ಜನರೇಟರ್ ಲೈನ್ ಅಲ್ಲಿಗೆ ಬರತ್ತಾ ಇಲ್ವಾ. ಫೈಬರ್ ವಿಷ್ಯದಲ್ಲಿ ಬರೀ ಲಾಜಿಕಲ್ ಡ್ರಾಯಿಂಗ್ ನಂಬ್ಬೇಡಿ. ಡ್ರಾಯಿಂಗಲ್ಲಿ ಎರಡು ಗೆರೆ ಇರತ್ತೆ, ಹೋಗಿ ಚೇಂಬರ್ ಮುಚ್ಚಳ ತೆಗೆದು ನೋಡಿದ್ರೆ ಎರಡು ಕೇಬಲ್ಲೂ ಒಂದೇ ಪೈಪಲ್ಲಿ ತಬ್ಕೊಂಡು ಮಲಗಿರತ್ತೆ, ಜೆಸಿಬಿ ಒಂದು ಸಲ ಬಕೆಟ್ ಇಳಿಸಿದ್ರೆ ಎರಡೂ ಒಟ್ಟಿಗೆ ಕಟ್.

ಈ ಶೀಟ್ ರೆಡಿ ಆದ್ಮೇಲೆ ಕಂಟ್ರೋಲರ್ ಇಡೋಕೆ ಎರಡು ಬಿಲ್ಡಿಂಗ್ ಆರಿಸ್ಕೊಳ್ಳಿ. ಕರೆಂಟ್ ಫೀಡರ್ ಬೇರೆ, ಯುಪಿಎಸ್ ಬೇರೆ, ಕೋರ್ ಸ್ವಿಚ್ (ಕ್ಯಾಂಪಸ್ ನೆಟ್‌ವರ್ಕ್ ಎಲ್ಲ ಬಂದು ಸೇರೋ ದೊಡ್ಡ ಸ್ವಿಚ್) ಬೇರೆ, ಎಸಿನೂ ಬೇರೆ ಇರೋ ಎರಡು ಬಿಲ್ಡಿಂಗ್. ಸಾಮಾನ್ಯವಾಗಿ ಅಡ್ಮಿನ್ ಬ್ಲಾಕಲ್ಲಿ ಒಂದು, ಲೈಬ್ರರೀಲಿ ಒಂದು ಅಂತ ಆಗತ್ತೆ. ಎರಡನೇ ರೂಮಿಗೆ ಎಸಿ ಯಾಕೆ ಅಂತ ಖಂಡಿತ ಕೇಳ್ತಾರೆ. ಕಂಟ್ರೋಲರ್ ಒಂದಕ್ಕೆ ದೊಡ್ಡ ಎಸಿ ಬೇಡ, ಆದ್ರೆ ಕೋರ್ ಸ್ವಿಚ್ಚೂ ಸರ್ವರ್ರೂ ಅಲ್ಲೇ ಬಂದು ಕೂರತ್ತೆ, ಮಾರ್ಚ್ ಏಪ್ರಿಲ್ ಬಿಸಿಲಿಗೆ ಮೇಲ್ಮಹಡಿ ರೂಮು ಹಂಚಿನ ಥರ ಕಾಯತ್ತೆ, ಈ ಖರ್ಚು ಬಿಡ್ಬೇಡಿ.

ಎಸ್‌ಎಸ್‌ಓ ಬೇಕಾ, ಎನ್ ಪ್ಲಸ್ ಒನ್ ಬೇಕಾ

ಎರಡು ದಾರಿ ಇದೆ. ಎಸ್‌ಎಸ್‌ಓ (ಸ್ಟೇಟ್‌ಫುಲ್ ಸ್ವಿಚ್‌ಓವರ್) ಅಂದ್ರೆ ಒಂದೇ ಮಾಡೆಲ್ಲಿನ, ಒಂದೇ ಸಾಫ್ಟ್‌ವೇರ್ ವರ್ಶನ್ನಿನ ಎರಡು ಬಾಕ್ಸ್ ಜೋಡಿಯಾಗಿ ಒಂದೇ ಐಪಿಯಲ್ಲಿ ನಿಲ್ಲೋದು. ಒಂದು ಆಕ್ಟಿವ್, ಇನ್ನೊಂದು ಸ್ಟ್ಯಾಂಡ್‌ಬೈ. ಕಾನ್ಫಿಗರೇಶನ್ ಮಾತ್ರ ಅಲ್ಲ, ಯಾವ ಎಪಿ ಜಾಯಿನ್ ಆಗಿದೆ, ಯಾವ ಫೋನ್ ಕನೆಕ್ಟ್ ಆಗಿದೆ ಅನ್ನೋದೂ ಸ್ಟ್ಯಾಂಡ್‌ಬೈಗೆ ಹೋಗ್ತಾ ಇರತ್ತೆ, ಹಾಗಾಗಿ ಆಕ್ಟಿವ್ ಬಿದ್ರೆ ಎಪಿಗಳು ಮತ್ತೆ ಹುಡುಕೋಕೆ ಹೊರಡಲ್ಲ, ಫೋನಲ್ಲಿ ಮತ್ತೆ ಪಾಸ್‌ವರ್ಡ್ ಕೇಳಲ್ಲ. ಮಾತಾಡ್ತಾ ಇರೋರಿಗೆ ಒಂದು ಸಣ್ಣ ಕಟ್ ಕೇಳ್ಸತ್ತೆ, ಅಷ್ಟೇ.

ಎನ್ ಪ್ಲಸ್ ಒನ್ ಅಂದ್ರೆ ಕಂಟ್ರೋಲರ್‌ಗಳು ಬೇರೆ ಬೇರೆಯಾಗೇ ಇರತ್ತೆ, ಬೇರೆ ಐಪಿ, ಬೇಕಾದ್ರೆ ಬೇರೆ ಮಾಡೆಲ್ಲೂ ಆಗ್ಬಹುದು. ನಿನ್ನ ಪ್ರೈಮರಿ ಇದು, ಸೆಕೆಂಡರಿ ಇದು, ಟರ್ಶರಿ ಇದು ಅಂತ ಪ್ರತಿ ಎಪಿಗೂ ಹೇಳಿರ್ತೀವಿ. ಪ್ರೈಮರಿ ಸತ್ರೆ ಎಪಿಗೆ ಅದು ಗೊತ್ತಾಗ್ಬೇಕು, ಆಮೇಲೆ ಸೆಕೆಂಡರಿಗೆ ಹೋಗಿ ಜಾಯಿನ್ ಆಗ್ಬೇಕು. ಹಾರ್ಟ್‌ಬೀಟ್ ಟೈಮರ್ (ಕಂಟ್ರೋಲರ್ ಬದುಕಿದ್ಯಾ ಅಂತ ಎಪಿ ಕೇಳೋ ಅಂತರ) ಡಿಫಾಲ್ಟ್ 30 ಸೆಕೆಂಡ್, ಹಾಗಾಗಿ ಲೆಕ್ಕ ನಿಮಿಷದಲ್ಲಿ ಹೋಗತ್ತೆ. ಫಾಸ್ಟ್ ಹಾರ್ಟ್‌ಬೀಟ್ ಹಾಕಿ 1ರಿಂದ 10 ಸೆಕೆಂಡ್‌ಗೆ ಇಳಿಸ್ಬಹುದು, ಆದ್ರೂ ಕ್ಲೈಂಟ್‌ಗಳು (ಫೋನು, ಲ್ಯಾಪ್‌ಟಾಪು) ಮತ್ತೆ ಅಥೆಂಟಿಕೇಟ್ ಆಗ್ಲೇಬೇಕು.

ನನ್ನ ಅಭಿಪ್ರಾಯ ಕೇಳಿದ್ರೆ, ಎರಡು ಬಿಲ್ಡಿಂಗ್ ಮಧ್ಯೆ ಒಳ್ಳೇ ಫೈಬರ್ ಇದ್ದು, ಅದೂ ಎರಡು ದಾರೀಲಿ ಇದ್ರೆ ಎಸ್‌ಎಸ್‌ಓ ಹಾಕಿ. ಒಂದೇ ದಾರಿ ಇದ್ರೆ ಎನ್ ಪ್ಲಸ್ ಒನ್ ಹಾಕಿ, ಒಂದು ನಿಮಿಷ ವೈಫೈ ಹೋದ್ರೂ ಪರ್ವಾಗಿಲ್ಲ. ಬಜೆಟ್ ಇರೋ ದೊಡ್ಡ ಕ್ಯಾಂಪಸ್ ಆದ್ರೆ ಎಸ್‌ಎಸ್‌ಓ ಜೋಡಿ ಒಂದು, ಅದ್ರ ಹಿಂದೆ ಎನ್ ಪ್ಲಸ್ ಒನ್‌ಗೆ ಮೂರನೇ ಕಂಟ್ರೋಲರ್ ಒಂದು. ಸಾಫ್ಟ್‌ವೇರ್ ಬಗ್ ಬಂದ್ರೆ ಜೋಡಿ ಎರಡೂ ಒಟ್ಟಿಗೆ ಬೀಳ್ಬಹುದು, ಯಾಕಂದ್ರೆ ಎರಡರಲ್ಲೂ ಇರೋದು ಅದೇ ಸಾಫ್ಟ್‌ವೇರು, ಅದೇ ಕಾನ್ಫಿಗರೇಶನ್ನು. ಆಗ ಆ ಮೂರನೇದೇ ಕಾಯೋದು.

ಎಸ್‌ಎಸ್‌ಓ ಜೋಡಿ ಮಧ್ಯದ ಕೇಬಲ್

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ತುಂಬಾ ಕ್ಯಾಂಪಸ್‌ಗಳಲ್ಲಿ ಎಡವೋದು ಇಲ್ಲೇ.

ಎರಡು ಬಾಕ್ಸ್ ಮಧ್ಯೆ ರಿಡಂಡನ್ಸಿ ಪೋರ್ಟ್ ಲಿಂಕ್ ಇರತ್ತೆ, ಆರ್‌ಪಿ ಅಂತೀವಿ. ಸಿಂಕ್ ಎಲ್ಲ ಹೋಗೋದು ಇದ್ರ ಮೇಲೇನೇ. ಕೀಪ್‌ಅಲೈವ್ (ನಾನಿದ್ದೀನಿ ಅನ್ನೋ ಮೆಸೇಜ್) ಡಿಫಾಲ್ಟಾಗಿ 100 ಮಿಲಿಸೆಕೆಂಡ್‌ಗೆ ಒಂದು, ಐದು ತಪ್ಪಿದ್ರೆ ಆ ಕಡೆಯೋರು ಇಲ್ಲ ಅಂತ ಲೆಕ್ಕ. ಈ ಲಿಂಕಲ್ಲಿ ಹೋಗಿ ಬರೋ ಲೇಟೆನ್ಸಿ 80 ಮಿಲಿಸೆಕೆಂಡ್ ಒಳಗೆ ಇರ್ಬೇಕು, ಬ್ಯಾಂಡ್‌ವಿಡ್ತ್ 60 ಎಂಬಿಪಿಎಸ್ ಆದ್ರೂ ಬೇಕು. ಕ್ಯಾಂಪಸ್ ಒಳಗೆ ದೂರದ ಭಯ ಬೇಡ, ಒಂದು ಕಿಲೋಮೀಟರ್ ಫೈಬರ್ ದಾಟೋಕೆ ಬೆಳಕಿಗೆ ಸುಮಾರು 5 ಮೈಕ್ರೋಸೆಕೆಂಡ್ ಸಾಕು. ಭಯ ಇರ್ಬೇಕಾದ್ದು ದಾರಿ ಬಗ್ಗೆ.

ಬಿಲ್ಡಿಂಗ್‌ನಿಂದ ಬಿಲ್ಡಿಂಗ್‌ಗೆ ತಾಮ್ರದ ಕೇಬಲ್ ಎಳೀಲೇಬೇಡಿ. 100 ಮೀಟರ್ ಮಿತಿ ಒಂದು ಕಾರಣ, ಅದಕ್ಕಿಂತ ದೊಡ್ಡ ಕಾರಣ ಸಿಡಿಲು, ಎರಡು ಬಿಲ್ಡಿಂಗ್‌ನ ಅರ್ಥಿಂಗ್ ಬೇರೆ ಬೇರೆ ಇರೋವಾಗ ಮಧ್ಯದ ತಾಮ್ರದ ತಂತಿ ಎರಡೂ ಕಡೆ ಬಾಕ್ಸ್ ಸುಡತ್ತೆ. 9800-40, 9800-80 ಎರಡರಲ್ಲೂ ಆರ್‌ಪಿಗೆ ಎಸ್‌ಎಫ್‌ಪಿ (ಫೈಬರ್ ಚುಚ್ಚೋ ಮಾಡ್ಯೂಲ್) ಜಾಗ ಇದೆ, ಸಿಂಗಲ್ ಮೋಡ್ ಫೈಬರ್ ಒಂದು ಜೋಡಿ ಇದಕ್ಕೇ ಮೀಸಲಿಡಿ, ಮಧ್ಯ ಸ್ವಿಚ್ ಬೇಡ.

ಇನ್ನೊಂದು ಇದೆ, ಆರ್‌ಎಂಐ ಅಂತ, ರಿಡಂಡನ್ಸಿ ಮ್ಯಾನೇಜ್‌ಮೆಂಟ್ ಇಂಟರ್‌ಫೇಸ್. ಇದು ಮಾಮೂಲಿ ನೆಟ್‌ವರ್ಕ್ ಮೇಲೇ ಹೋಗಿ ಆ ಕಡೆ ಬಾಕ್ಸ್ ಬದುಕಿದ್ಯಾ ಅಂತ ಎರಡನೇ ಕಣ್ಣಿನ ಥರ ನೋಡ್ತಾ ಇರತ್ತೆ. ಆರ್‌ಪಿ ಕೇಬಲ್ ಮಾತ್ರ ಕಟ್ ಆದ್ರೆ ಆರ್‌ಎಂಐ ಮೂಲಕ ಸ್ಟ್ಯಾಂಡ್‌ಬೈಗೆ ಆಕ್ಟಿವ್ ಇನ್ನೂ ಇದೆ ಅಂತ ಗೊತ್ತಾಗತ್ತೆ, ಅದು ತಾನು ರಿಕವರಿ ಮೋಡ್‌ಗೆ ಹೋಗಿ ಸುಮ್ನಾಗತ್ತೆ, ಕ್ಯಾಂಪಸ್ಸಿಗೆ ಏನೂ ಆಗಲ್ಲ. ಆದ್ರೆ ಆರ್‌ಪಿ ಫೈಬರ್ರೂ ಆರ್‌ಎಂಐ ಹೋಗೋ ಕೋರ್ ಫೈಬರ್ರೂ ಒಂದೇ ಪೈಪಲ್ಲಿದ್ದು ಎರಡೂ ಒಟ್ಟಿಗೆ ಹೋದ್ರೆ, ಇಬ್ರೂ ನಾನೇ ಆಕ್ಟಿವ್ ಅಂತ ಎದ್ದು ನಿಲ್ತಾರೆ, ಒಂದೇ ಐಪಿ ಎರಡು ಕಡೆ ಇರತ್ತೆ. ಇದಕ್ಕೆ ಡ್ಯುಯಲ್ ಆಕ್ಟಿವ್ ಅಂತಾರೆ. ಅದಕ್ಕೇ ನಾನು ಆ ಚೇಂಬರ್ ಮುಚ್ಚಳ ತೆಗೆದು ನೋಡಿ ಅಂದಿದ್ದು. ಆರ್‌ಪಿ ಒಂದು ರೂಟು, ಆರ್‌ಎಂಐ ಇನ್ನೊಂದು ರೂಟು, ಇದ್ರಲ್ಲಿ ರಾಜಿ ಬೇಡ.

ಇನ್ನೆರಡು ಸಣ್ಣ ವಿಷ್ಯ. ಮ್ಯಾನೇಜ್‌ಮೆಂಟ್ ವಿಲ್ಯಾನೂ (ವಿಲ್ಯಾನ್ ಅಂದ್ರೆ ಒಂದೇ ನೆಟ್‌ವರ್ಕ್ ಒಳಗೆ ಬೇರೆ ಮಾಡಿಟ್ಟ ಭಾಗ), ಸೆಂಟ್ರಲ್ ಸ್ವಿಚಿಂಗ್ ಮಾಡೋ (ಟ್ರಾಫಿಕ್ ಕಂಟ್ರೋಲರ್ ಮೂಲಕ ಹೋಗೋ) ಕ್ಲೈಂಟ್ ವಿಲ್ಯಾನ್‌ಗಳೂ ಎರಡೂ ಬಿಲ್ಡಿಂಗ್‌ನ ಕೋರ್ ಸ್ವಿಚ್ಚಲ್ಲಿ ಇರ್ಬೇಕು, ಟ್ರಂಕಲ್ಲಿ (ವಿಲ್ಯಾನ್‌ಗಳೆಲ್ಲ ಒಟ್ಟಿಗೆ ಹೋಗೋ ಲಿಂಕಲ್ಲಿ) ಒಂದು ವಿಲ್ಯಾನ್ ಬಿಟ್ಟೋದ್ರೆ ಸ್ವಿಚ್‌ಓವರ್ ಆದ ದಿನ ಆ ವಿಭಾಗದ ಜನಕ್ಕೆ ಮಾತ್ರ ಐಪಿ ಸಿಗಲ್ಲ, ಹುಡುಕೋಕೆ ಅರ್ಧ ದಿನ ಹೋಗತ್ತೆ. ಎರಡನೇದು, ಗೇಟ್‌ವೇ ಚೆಕ್ ಆನ್ ಮಾಡಿ. ಆಕ್ಟಿವ್ ಬಾಕ್ಸ್ ಗಟ್ಟಿಯಾಗೇ ಇದೆ ಆದ್ರೆ ಅದ್ರ ಅಪ್‌ಲಿಂಕ್ ಹೋಗಿದೆ ಅನ್ನೋ ಸಂದರ್ಭದಲ್ಲಿ ಸ್ಟ್ಯಾಂಡ್‌ಬೈಗೆ ಚಾರ್ಜ್ ಹೋಗೋದು ಇದ್ರಿಂದಾನೇ.

ಎಣಿಕೆ

ಲೆಕ್ಕಕ್ಕೆ 420 ಎಪಿ ಇರೋ ಕ್ಯಾಂಪಸ್ ಇಟ್ಕೊಳ್ಳಿ. 3200 ಜನ, ಒಬ್ರಿಗೆ ಫೋನ್ ಒಂದು ಲ್ಯಾಪ್‌ಟಾಪ್ ಒಂದು, 6400 ಕ್ಲೈಂಟ್. 9800-ಎಲ್ ಬಾಕ್ಸ್ ಮಾಮೂಲಿಯಾಗಿ 250 ಎಪಿ, 5000 ಕ್ಲೈಂಟ್ ಹಿಡಿಯತ್ತೆ, ಪರ್ಫಾರ್ಮೆನ್ಸ್ ಲೈಸೆನ್ಸ್ ಹಾಕಿದ್ರೆ 500 ಎಪಿ, 10,000 ಕ್ಲೈಂಟ್. ಎನ್ ಪ್ಲಸ್ ಒನ್ ಅಂತ ಎರಡು 9800-ಎಲ್ ತಂದು ತಲಾ 210 ಎಪಿ ಹಂಚಿದ್ರೆ ದಿನನಿತ್ಯ ಆರಾಮ. ಒಂದು ಬಿದ್ರೆ? 420 ಒಂದರ ಮೇಲೆ ಬರತ್ತೆ, 250ರ ಮಿತಿ ಇದ್ರೆ 170 ಎಪಿ ಹೊರಗೆ ನಿಲ್ಲತ್ತೆ. ಅಂದ್ರೆ ಹಂಚಿದ ಲೆಕ್ಕ ನೋಡ್ಬೇಡಿ, ಒಂದು ಬಿದ್ದಾಗಿನ ಲೆಕ್ಕ ನೋಡಿ. ಎರಡು ಕಂಟ್ರೋಲರ್ ಇದ್ರೆ ಪ್ರತಿಯೊಂದೂ ಅರ್ಧಕ್ಕಿಂತ ಜಾಸ್ತಿ ತುಂಬಿರ್ಬಾರ್ದು, ಮೂರಿದ್ರೆ ಮೂರನೇ ಎರಡು ಭಾಗ. ಮುಂದಿನ ಹಾಸ್ಟೆಲ್ ಬ್ಲಾಕಿಗೂ ಜಾಗ ಬಿಡಿ. 9800-40ಗೆ 2000 ಎಪಿ, 32,000 ಕ್ಲೈಂಟ್, ಅದು ಇದ್ರೆ ಈ ತಲೆನೋವಿಲ್ಲ, ಬೆಲೆ ಜಾಸ್ತಿ.

ದುಡ್ಡಿಲ್ದೆ ಬ್ಯಾಕಪ್ ಸಣ್ಣದೇ ಇಟ್ರಿ ಅಂದ್ರೆ ಎಪಿ ಫೇಲ್‌ಓವರ್ ಪ್ರಯಾರಿಟಿ ಇದೆ, ಲೋದಿಂದ ಕ್ರಿಟಿಕಲ್‌ವರೆಗೆ. ಪರೀಕ್ಷಾ ವಿಭಾಗ, ಹೆಲ್ತ್ ಸೆಂಟರ್, ಸೆಕ್ಯೂರಿಟಿ ಗೇಟು ಇವಕ್ಕೆ ಕ್ರಿಟಿಕಲ್ ಕೊಡಿ. ಯಾರಿಗೆ ಮೊದ್ಲು ಅನ್ನೋದನ್ನ ನೀವೊಬ್ರೇ ತೀರ್ಮಾನ ಮಾಡ್ಬೇಡಿ, ಪ್ರಿನ್ಸಿಪಾಲ್ ಹತ್ರ ಸಹಿ ಮಾಡಿಸ್ಕೊಳ್ಳಿ.

ಎಪಿ ಹಂಚೋದು ಬಿಲ್ಡಿಂಗ್ ಲೆಕ್ಕದಲ್ಲಿ ಇರ್ಲಿ. ಒಂದೇ ಕಾರಿಡಾರಲ್ಲಿ ಒಂದು ಎಪಿ ಈ ಕಂಟ್ರೋಲರ್‌ಗೆ, ಪಕ್ಕದ್ದು ಆ ಕಂಟ್ರೋಲರ್‌ಗೆ ಅಂತ ಉಪ್ಪು ಮೆಣಸು ಬೆರೆಸಿದ ಹಾಗೆ ಹಂಚೋರು ಇದ್ದಾರೆ, ಒಂದು ಬಿದ್ರೂ ಕಾರಿಡಾರಲ್ಲಿ ಸ್ವಲ್ಪ ಸಿಗ್ನಲ್ ಉಳಿಯತ್ತೆ ಅನ್ನೋದು ಅವ್ರ ವಾದ. ನಂಗೆ ಒಪ್ಪಿಗೆ ಇಲ್ಲ. ಹತ್ತು ಹೆಜ್ಜೆ ನಡೆದ್ರೂ ಫೋನು ಕಂಟ್ರೋಲರ್ ಬದಲಾಯಿಸ್ತಾ ಹೋಗತ್ತೆ, ವರ್ಷದಲ್ಲಿ ಒಂದು ದಿನದ ಅನುಕೂಲಕ್ಕೆ ದಿನಾ ತೊಂದ್ರೆ.

ಎಪಿಗೆ ಕಂಟ್ರೋಲರ್ ಸಿಗೋ ದಾರಿ

ಎಪಿ ಕಂಟ್ರೋಲರ್ ಹುಡುಕೋಕೆ ಡಿಎಚ್‌ಸಿಪಿ ಆಪ್ಷನ್ 43 (ಐಪಿ ಕೊಡೋ ಸರ್ವರ್ ಅದ್ರ ಜೊತೆಗೇ ಕಳಿಸೋ ಮಾಹಿತಿ) ನೋಡತ್ತೆ, ಡಿಎನ್‌ಎಸ್ಸಲ್ಲಿ ಸಿಸ್ಕೋ-ಕ್ಯಾಪ್‌ವ್ಯಾಪ್-ಕಂಟ್ರೋಲರ್ ಅನ್ನೋ ಹೆಸರು ಹುಡುಕತ್ತೆ, ಹಿಂದೆ ನೆನಪಿರೋ ಐಪಿಗಳನ್ನೂ ಕೇಳತ್ತೆ. ಎನ್ ಪ್ಲಸ್ ಒನ್ ಆದ್ರೆ ಎರಡೂ ಕಂಟ್ರೋಲರ್ ಐಪಿ ಆಪ್ಷನ್ 43ಲ್ಲಿ ಹಾಕಿ. ಹೆಕ್ಸಲ್ಲಿ ಬರೀಬೇಕು, ಒಂದ್ಸಲ ಕೈಯಲ್ಲೇ ಮಾಡಿ ನೋಡಿ. ಮೊದ್ಲು ಎಫ್1. ಆಮೇಲೆ ಉದ್ದ, ಒಂದು ಐಪಿಗೆ 04, ಎರಡು ಐಪಿಗೆ 08. ಆಮೇಲೆ ಐಪಿಗಳು. 10.20.16.5 ಅಂದ್ರೆ 0ಎ 14 10 05, 10.20.32.5 ಅಂದ್ರೆ 0ಎ 14 20 05. ಒಟ್ಟು ಎಫ್1 08 0ಎ 14 10 05 0ಎ 14 20 05, ಟೈಪ್ ಮಾಡೋವಾಗ ಎಫ್, ಎ ಎರಡೂ ಇಂಗ್ಲಿಷ್ ಅಕ್ಷರ. ಎರಡನೇ ಐಪಿ ಸೇರಿಸಿ 04ನ 08 ಮಾಡೋಕೆ ಮರೆಯೋದು ತುಂಬಾ ಸಾಮಾನ್ಯ, ಆಗ ಸೇರಿಸಿದ್ದು ಇದ್ದೂ ಇಲ್ಲದ ಹಾಗೆ.

ಫೈರ್‌ವಾಲ್ ಮಧ್ಯ ಇದ್ರೆ ಯುಡಿಪಿ ಪೋರ್ಟ್ 5246, 5247 ಎರಡೂ ಕಂಟ್ರೋಲರ್‌ಗೂ ಬಿಡಿ, ಕಂಟ್ರೋಲರ್‌ಗಳ ಮಧ್ಯೆ ಮೊಬಿಲಿಟಿಗೆ 16666, 16667. ಎರಡೂ ಕಂಟ್ರೋಲರ್‌ಗೆ ಎನ್‌ಟಿಪಿ (ಗಡಿಯಾರ ಸರಿ ಇಡೋ ಸರ್ವಿಸ್) ಹಾಕಿ. ಗಡಿಯಾರ ತಪ್ಪಿದ್ರೆ ಸರ್ಟಿಫಿಕೇಟ್ ಹೊಂದಲ್ಲ, ಎಪಿ ಜಾಯಿನ್ ಆಗಲ್ಲ, ನೋಡೋರಿಗೆ ಎಲ್ಲಾ ಸರಿ ಇದ್ದ ಹಾಗೇ ಕಾಣತ್ತೆ.

ಎನ್ ಪ್ಲಸ್ ಒನ್ ಮಾಡೋರು ಎರಡು ಕಡೆ ಸಾಫ್ಟ್‌ವೇರ್ ವರ್ಶನ್ ಒಂದೇ ಇಡಿ. ಬೇರೆ ಇದ್ರೆ ಎಪಿ ಸೆಕೆಂಡರಿಗೆ ಹೋದ ತಕ್ಷಣ ಹೊಸ ಇಮೇಜ್ ಡೌನ್‌ಲೋಡ್ ಮಾಡ್ಕೊಂಡು ರೀಬೂಟ್ ಆಗತ್ತೆ, 400 ಎಪಿ ಒಟ್ಟಿಗೆ ಅದನ್ನೇ ಮಾಡತ್ತೆ, ವಾಪಸ್ ಪ್ರೈಮರಿಗೆ ಬರೋವಾಗ ಮತ್ತೊಂದ್ಸಲ. ಟ್ಯಾಗ್‌ಗಳ (ಯಾವ ಎಪಿಗೆ ಯಾವ ಸೆಟ್ಟಿಂಗ್ ಅಂತ ಹೇಳೋ ಗುರುತು) ಹೆಸರು, ಡಬ್ಲ್ಯುಲ್ಯಾನ್ (ವೈಫೈ ನೆಟ್‌ವರ್ಕ್) ಹೆಸರು ಅಕ್ಷರ ಅಕ್ಷರ ಒಂದೇ ಇರ್ಲಿ, ಟ್ಯಾಗ್ ಪರ್ಸಿಸ್ಟೆನ್ಸಿ ಆನ್ ಇರ್ಲಿ, ಇಲ್ಲಾಂದ್ರೆ ಎಪಿ ಹೋಗಿ ಡಿಫಾಲ್ಟ್ ಟ್ಯಾಗಲ್ಲಿ ಕೂತ್ಕೊಳತ್ತೆ. ಎಪಿ ಫಾಲ್‌ಬ್ಯಾಕ್ ಅನ್ನೋದೂ ನೋಡ್ಕೊಳ್ಳಿ, ಅದು ಆನ್ ಇದ್ರೆ ಪ್ರೈಮರಿ ಎದ್ದ ಕೂಡ್ಲೇ ಎಲ್ಲಾ ಎಪಿ ವಾಪಸ್ ಓಡತ್ತೆ, ಬೆಳಿಗ್ಗೆ ಹನ್ನೊಂದು ಗಂಟೆ ಕ್ಲಾಸಲ್ಲಿ ಎರಡನೇ ಸಲ ವೈಫೈ ಹೋಗತ್ತೆ. ನಾನಾದ್ರೆ ಆಫ್ ಇಟ್ಟು ರಾತ್ರಿ ಕೈಯಲ್ಲಿ ವಾಪಸ್ ಕಳಿಸ್ತೀನಿ.

ಕಂಟ್ರೋಲರ್ ಬದುಕಿದ್ರೂ ಲಾಗಿನ್ ಆಗ್ದಿದ್ರೆ

ಇದು ನಾನೇ ಕಂಡಿದ್ದು. ಎನ್ ಪ್ಲಸ್ ಒನ್ ಟೆಸ್ಟ್ ಮಾಡಿದ್ವಿ, ಎಪಿಗಳೆಲ್ಲ ಎರಡನೇ ಕಂಟ್ರೋಲರ್‌ಗೆ ಚೆನ್ನಾಗಿ ಹೋದ್ವು, ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಒಬ್ಬ ಕ್ಲೈಂಟೂ ಒಳಗೆ ಬರ್ತಿಲ್ಲ. ರೇಡಿಯಸ್ ಸರ್ವರ್ (ಲಾಗಿನ್ ಸರಿ ಇದ್ಯಾ ಅಂತ ನೋಡೋ ಸರ್ವರ್) ಲಾಗ್ ತೆಗೆದ್ರೆ ಒಂದೇ ಸಾಲು ಮತ್ತೆ ಮತ್ತೆ, ಪರಿಚಯ ಇಲ್ಲದ ಕ್ಲೈಂಟಿಂದ ರಿಕ್ವೆಸ್ಟ್ ಅಂತ (ರೇಡಿಯಸ್ ಲೆಕ್ಕದಲ್ಲಿ ಕ್ಲೈಂಟ್ ಅಂದ್ರೆ ಕಂಟ್ರೋಲರ್). ಎರಡನೇ ಕಂಟ್ರೋಲರ್‌ನ ಐಪಿನ ರೇಡಿಯಸ್‌ನ ಕ್ಲೈಂಟ್ ಪಟ್ಟಿಗೆ ಯಾರೂ ಸೇರಿಸಿರ್ಲಿಲ್ಲ. ಎಸ್‌ಎಸ್‌ಓ ಜೋಡೀಲಿ ಐಪಿ ಒಂದೇ ಆಗಿರೋದ್ರಿಂದ ಈ ತೊಂದ್ರೆ ಬರಲ್ಲ, ಎನ್ ಪ್ಲಸ್ ಒನ್ನಲ್ಲಿ ಬಂದೇ ಬರತ್ತೆ.

ರೇಡಿಯಸ್ ಎರಡಿರ್ಲಿ, ಎರಡು ಬಿಲ್ಡಿಂಗಲ್ಲಿ ಇರ್ಲಿ. ಡಿಎಚ್‌ಸಿಪಿ, ಡಿಎನ್‌ಎಸ್ ಅದೂ ಹಾಗೇ. ಎಡ್ಯುರೋಮ್ (ಒಂದು ಕಾಲೇಜಿನ ಲಾಗಿನ್ನಲ್ಲೇ ಬೇರೆ ಕಾಲೇಜಲ್ಲೂ ವೈಫೈ ಸಿಗೋ ವ್ಯವಸ್ಥೆ) ಕೊಡ್ತಾ ಇದ್ರೆ, ನಮ್ಮ ದೇಶದಲ್ಲಿ ಅದನ್ನ ನಡೆಸೋದು ಅರ್ನೆಟ್ ಇಂಡಿಯಾ, ನಿಮ್ಮ ಎರಡನೇ ರೇಡಿಯಸ್ ಐಪಿನೂ ಅವ್ರ ಹತ್ರ ರಿಜಿಸ್ಟರ್ ಮಾಡಿಸಿ, ಇಲ್ಲಾಂದ್ರೆ ಬೇರೆ ಊರಿಂದ ಬಂದ ಅತಿಥಿಗಳಿಗೆ ಮಾತ್ರ ಲಾಗಿನ್ ಆಗಲ್ಲ.

ದೂರದಲ್ಲಿರೋ ಬಿಲ್ಡಿಂಗು, ಉದಾಹರಣೆಗೆ ರಸ್ತೆ ಆಚೆ ಇರೋ ಹಾಸ್ಟೆಲ್ಲು, ಒಂದೇ ಫೈಬರ್ ಮೇಲೆ ನಿಂತಿದ್ರೆ ಅದಕ್ಕೆ ಫ್ಲೆಕ್ಸ್‌ಕನೆಕ್ಟ್, ಲೋಕಲ್ ಸ್ವಿಚಿಂಗ್ ಹಾಕಿ. ಕ್ಲೈಂಟ್ ಟ್ರಾಫಿಕ್ ಕಂಟ್ರೋಲರ್‌ವರೆಗೂ ಹೋಗ್ದೆ ಅಲ್ಲೇ ಸ್ವಿಚ್ಚಿಗೆ ಇಳಿಯತ್ತೆ. ಕಂಟ್ರೋಲರ್ ಸಂಪರ್ಕ ತಪ್ಪಿದ್ರೂ ಆಗ್ಲೇ ಕನೆಕ್ಟ್ ಆಗಿರೋರು ನಡೀತಾ ಇರ್ತಾರೆ. ಆ ಹಾಸ್ಟೆಲ್ಲಿಗೆ ಇಂಟರ್ನೆಟ್ಟೂ ಅದೇ ಫೈಬರಲ್ಲಿ ಬರೋದಾದ್ರೆ ಇದ್ರಿಂದ ದೊಡ್ಡ ಲಾಭ ಇಲ್ಲ, ಮೊದ್ಲು ಎರಡನೇ ಫೈಬರ್‌ಗೆ ದುಡ್ಡು ಕೇಳಿ. ಇನ್ನು ಕ್ಲೌಡ್‌ನಿಂದ ಮ್ಯಾನೇಜ್ ಮಾಡೋ ಸಿಸ್ಟಮ್ ತಗೊಳ್ಳೋರಿಗೆ ಕ್ಯಾಂಪಸ್ಸಲ್ಲಿ ಕಂಟ್ರೋಲರೇ ಇರಲ್ಲ, ಅವ್ರು ಈ ಶ್ರಮವನ್ನೆಲ್ಲ ಎರಡು ಇಂಟರ್ನೆಟ್ ಲಿಂಕ್ ಬೇರೆ ಬೇರೆ ದಾರೀಲಿ ತರೋಕೆ ಹಾಕ್ಬೇಕು.

ಕೇಬಲ್ ಕಿತ್ತು ನೋಡಿ

ಟೆಸ್ಟ್ ಮಾಡ್ದೆ ಇರೋ ಬ್ಯಾಕಪ್ಪನ್ನ ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಸೆಮಿಸ್ಟರ್ ರಜೆಯಲ್ಲಿ ಒಂದು ಭಾನುವಾರ ಇಟ್ಕೊಳ್ಳಿ, ವಾರ್ಡನ್‌ಗಳಿಗೆ ಮೊದ್ಲೇ ಹೇಳಿ. ಇಬ್ರು ಬೇಕು, ಒಬ್ರು ಸರ್ವರ್ ರೂಮಲ್ಲಿ, ಇನ್ನೊಬ್ರು ಹಾಸ್ಟೆಲ್ ಕಾರಿಡಾರಲ್ಲಿ ಕ್ಯಾಂಪಸ್ ವೈಫೈ ಮೇಲೆ ವಾಟ್ಸಾಪ್ ಕಾಲ್ ಮಾಡ್ಕೊಂಡು, ಲ್ಯಾಪ್‌ಟಾಪಲ್ಲಿ ಗೇಟ್‌ವೇಗೆ ಪಿಂಗ್ ಬಿಟ್ಕೊಂಡು.

ಮೊದ್ಲು ಸಲೀಸಾದ್ದು, ಕಮಾಂಡಲ್ಲಿ ರಿಡಂಡನ್ಸಿ ಫೋರ್ಸ್-ಸ್ವಿಚ್‌ಓವರ್ ಕೊಡಿ. ಎಷ್ಟು ಪಿಂಗ್ ತಪ್ಪಿತು ಬರ್ಕೊಳ್ಳಿ. ಹಳೇ ಆಕ್ಟಿವ್ ರೀಬೂಟ್ ಆಗಿ ಬರೋವರೆಗೂ ಕಾಯಿರಿ, ಶೋ ರಿಡಂಡನ್ಸಿಯಲ್ಲಿ ಸ್ಟ್ಯಾಂಡ್‌ಬೈ ಹಾಟ್ ಅಂತ ಬರ್ಬೇಕು, ಅದು ಬರೋ ಮುಂಚೆ ಎರಡನೇ ಟೆಸ್ಟಿಗೆ ಕೈ ಹಾಕಿದ್ರೆ ಇಡೀ ಕ್ಯಾಂಪಸ್ ಬೀಳತ್ತೆ. ಆಮೇಲೆ ಆಕ್ಟಿವ್‌ನ ಎರಡೂ ಪವರ್ ಕೇಬಲ್ ಕೀಳಿ. ಆಮೇಲೆ ಆರ್‌ಪಿ ಫೈಬರ್ ಮಾತ್ರ ಕೀಳಿ, ಸ್ಟ್ಯಾಂಡ್‌ಬೈ ರಿಕವರಿಗೆ ಹೋಗತ್ತಾ ನೋಡಿ, ಮತ್ತೆ ಹಾಕಿ ಅದು ಸರಿಯಾಗಿ ವಾಪಸ್ ಬರತ್ತಾ ನೋಡಿ. ಆಮೇಲೆ ಆಕ್ಟಿವ್‌ನ ಅಪ್‌ಲಿಂಕ್ ಕೀಳಿ, ಗೇಟ್‌ವೇ ಚೆಕ್ ಕೆಲಸ ಮಾಡತ್ತಾ ಗೊತ್ತಾಗತ್ತೆ. ರೇಡಿಯಸ್ ಒಂದನ್ನ ನಿಲ್ಲಿಸಿ, ಆ ಹೊತ್ತಲ್ಲಿ ಹೊಸ ಫೋನ್ ಒಂದು ಕನೆಕ್ಟ್ ಮಾಡಿಸಿ, ಹಳೇ ಫೋನ್ ಸಾಲಲ್ಲ. ಕೊನೇಗೆ ಒಂದು ರೂಮಿನ ಮೇನ್ ಬ್ರೇಕರ್ರೇ ಇಳಿಸಿ, ಕೋರ್ ಸ್ವಿಚ್ಚು, ರೇಡಿಯಸ್ಸು, ಕಂಟ್ರೋಲರ್ರು ಎಲ್ಲ ಒಟ್ಟಿಗೆ ಹೋಗತ್ತೆ, ನಿಜವಾದ ಮಳೆಗಾಲದ ಸಂಜೆ ಆಗೋದು ಹೀಗೇ. ನಮ್ಮಲ್ಲಿ ಈ ಕೊನೇ ಟೆಸ್ಟಲ್ಲೇ ಒಂದು ಬಿಲ್ಡಿಂಗ್‌ನ ಪಿಓಇ ಸ್ವಿಚ್‌ನ ಅಪ್‌ಲಿಂಕ್ ಎರಡೂ ಅದೇ ರೂಮಿಗೆ ಬರ್ತಿದ್ದಿದ್ದು ಸಿಕ್ಕಿತು, ಒಂದು ಜೋಡಿ ಫೈಬರ್‌ನ ಲೈಬ್ರರಿ ಕಡೆ ತಿರುಗಿಸಿದ್ವಿ.

ಪ್ರತಿ ಟೆಸ್ಟಿನ ತಾರೀಖು, ತಪ್ಪಿದ ಪಿಂಗ್ ಎಷ್ಟು, ಯಾರ್ಯಾರು ಇದ್ರು, ಏನು ಸರಿ ಮಾಡಿದ್ವಿ ಎಲ್ಲ ಒಂದು ರಿಜಿಸ್ಟರಲ್ಲಿ ಬರೆದು ಆ ರ್ಯಾಕಿಗೇ ನೇತು ಹಾಕಿ. ಆರ್‌ಪಿ ಫೈಬರ್‌ಗೆ ಎರಡೂ ತುದಿಯಲ್ಲಿ ಹಳದಿ ಲೇಬಲ್ ಅಂಟಿಸಿ, "ಐಟಿ ಸೆಕ್ಷನ್‌ಗೆ ಕೇಳ್ದೆ ಕೀಳ್ಬೇಡಿ" ಅಂತ ಕನ್ನಡದಲ್ಲೇ ಬರೀರಿ, ಎಸಿ ರಿಪೇರಿಗೆ ಬರೋರು ಓದೋ ಹಾಗೆ ದೊಡ್ಡಕ್ಷರದಲ್ಲಿ. ಸ್ಪೇರ್ ಎಸ್‌ಎಫ್‌ಪಿ ಎರಡು, ಪ್ಯಾಚ್ ಕಾರ್ಡ್ ಎರಡು ಎರಡೂ ರೂಮಲ್ಲಿ ಇರ್ಲಿ. ಮುಂದಿನ ಟೆಸ್ಟ್ ಏಪ್ರಿಲ್ ಮಳೆ ಶುರು ಆಗೋ ಮುಂಚೆ, ಯುಪಿಎಸ್ ಬ್ಯಾಟರಿ ಚೆಕ್ ಮಾಡಿಸಿದ ವಾರದಲ್ಲೇ ಇಟ್ಕೊಳ್ಳಿ.